ಏಳನೆಯ ಮಹಡಿಯ ಗದ್ದೆ

ಆಕೆ ತೀರಿಕೊಂಡ ಸುದ್ದಿ ಬಂದಾಗ ನಾನು ರೊಟ್ಟಿ ಬಡಿಯುತ್ತಿದ್ದೆ. ಜಾವಾ ದ್ವೀಪದ ಹಳ್ಳಿಯೊಂದರಿಂದ ಆಕೆಯ ತಂಗಿಯ ಮಗಳು ಫೋನು ಮಾಡಿದ್ದಳು. ಮನೆಯಲ್ಲಿ ಸಿಗ್ನಲ್ ಸಿಗುವುದಿಲ್ಲವೆಂದು ಗದ್ದೆಯ ಬದುವಿನ ಮೇಲೆ ನಿಂತು ಮಾತಾಡುತ್ತಿದ್ದಳು. "ನಿನ್ನೆ ಬೆಳಿಗ್ಗೆ ಇಲ್ಲಿಗೇ ಬಂದಿದ್ದರು. ಮಧ್ಯಾಹ್ನ ಮನೆಗೆ ಹೋಗಿ ಮಲಗಿದರು, ಏಳಲಿಲ್ಲ" ಎಂದಳು. ಹುಡುಗಿಯ ಇಂಗ್ಲಿಷು ಚೆನ್ನಾಗಿಯೇ ಇತ್ತು. ನನಗೇ ಅದು ತಲೆಗೆ ಹೋಗಲು ಹೊತ್ತು ಹಿಡಿಯಿತು. ಅಷ್ಟರಲ್ಲಿ ಹಂಚಿನ ಮೇಲಿನ ರೊಟ್ಟಿ ಕರಕಾಗಿತ್ತು.

ಆ ಹಳ್ಳಿಯನ್ನು ನಾನು ನೋಡಿಲ್ಲ. ನಮ್ಮದು ನವಲಗುಂದದ ಕಡೆಯ ಎರೆ ಭೂಮಿ. ಜೋಳ, ಹತ್ತಿ, ಕುಸುಬಿ ಗೊತ್ತು. ಭತ್ತದ ಗದ್ದೆಯನ್ನು ಬಸ್ಸಿನ ಕಿಟಕಿಯಿಂದ ಕಂಡದ್ದಷ್ಟೇ. ಆದರೂ ಯಾರಾದರೂ ಈಗ ನನ್ನನ್ನು ಆ ಊರ ಅಗಸಿ ಬಾಗಿಲಲ್ಲಿ ಇಳಿಸಿ ಹೋದರೆ ಒಬ್ಬರನ್ನೂ ಕೇಳದೆ ಆಕೆಯ ಮನೆ ಮುಟ್ಟಬಲ್ಲೆ. ಬೆಂಕಿ ಉಗುಳುವುದನ್ನು ಮರೆತ ಒಂದು ಗುಡ್ಡ. ಅದರ ಮೈಮೇಲೆ ಮೆಟ್ಟಿಲು ಮೆಟ್ಟಿಲಾಗಿ ಗದ್ದೆ. ಮೇಲಿನವರ ಗದ್ದೆ ತುಂಬಿ ಹರಿದ ನೀರು ಕೆಳಗಿನವರಿಗೆ, ಅವರದು ಇನ್ನೂ ಕೆಳಗಿನವರಿಗೆ. ಬಿದಿರಿನ ಸೇತುವೆ ದಾಟಿದರೆ ಹಲಸಿನ ಮರ, ಅದರೆದುರಿಗೆ ಕೆಂಪು ಹಂಚಿನ ಮನೆ. ಹತ್ತು ಹನ್ನೆರಡು ವರ್ಷ ಆಕೆ ಆ ಊರನ್ನು ಚೂರು ಚೂರಾಗಿ ಲಂಡನ್ ಅಂಚಿನ ಕ್ರೋಯ್ಡನ್ನಿನಲ್ಲಿ ಕೌನ್ಸಿಲಿನ ಬಾಡಿಗೆ ಮನೆಗಳಿದ್ದ ನಮ್ಮ ಕಟ್ಟಡದ ಏಳನೆಯ ಮಹಡಿಗೆ ತಂದು ನನಗೆ ಹೇಳಿದ್ದಳು.

ಮೊದಲ ಭೇಟಿ ಆಗಿದ್ದು ಲಿಫ್ಟಿನಲ್ಲಿ. ತೊಂಬತ್ತರ ದಶಕದ ಮಾತು. ನಾವು ಆ ಫ್ಲ್ಯಾಟಿಗೆ ಬಂದು ಇನ್ನೂ ಸಾಮಾನು ಬಿಚ್ಚಿರಲಿಲ್ಲ. ಊರಿನಿಂದ ಬಂದಿದ್ದ ನಮ್ಮತ್ತೆ ಪಕ್ಕದಲ್ಲಿದ್ದರು. ಒಳಗೆ ಬಂದ ಒಬ್ಬ ಸಣ್ಣ ಮೈಯ ಹೆಂಗಸು ನಮ್ಮತ್ತೆಯನ್ನು ಕಂಡವಳೇ ಸೊಂಟ ಬಗ್ಗಿಸಿ, ಬಲಗೈಯನ್ನು ನೆಲದ ಕಡೆಗೆ ಚಾಚಿ, ಮೆಲ್ಲಗೆ ಮುಂದೆ ಸರಿದಳು. ಏನೋ ಬಿದ್ದಿರಬೇಕೆಂದು ನಾನೂ ಬಗ್ಗಿದೆ. ನಮ್ಮತ್ತೆ ಬೆಂಡೋಲೆ ಮುಟ್ಟಿ ನೋಡಿಕೊಂಡರು. ಮೂಲೆಯಲ್ಲಿದ್ದ ಇಂಗ್ಲಿಷ್ ಮುದುಕ ಕನ್ನಡಕ ಸರಿಮಾಡಿಕೊಂಡು ನೆಲ ಹುಡುಕತೊಡಗಿದ. ಏಳನೆಯ ಮಹಡಿ ಬರುವ ತನಕ ಇಲ್ಲದ ವಸ್ತುವನ್ನು ಎಲ್ಲರೂ ಸೇರಿ ಹುಡುಕಿದೆವು. ಹೊರಗೆ ಬಂದ ಮೇಲೆ ಆಕೆ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತ ಹೇಳಿದಳು, ಹಿರಿಯರ ಮುಂದೆ ಹಾಯುವಾಗ ಅವರಿಗಿಂತ ತಗ್ಗಿ ಹೋಗುವುದು ತಮ್ಮ ಊರಿನ ರೀತಿ ಎಂದು. ಬಸ್ಸಿನಲ್ಲಿ, ಮುಂದೆ ಟ್ರಾಮು ಬಂದ ಮೇಲೆ ಟ್ರಾಮಿನಲ್ಲಿ, ಡಾಕ್ಟರ ವೇಟಿಂಗ್ ರೂಮಿನಲ್ಲಿ, ಎಲ್ಲೆಲ್ಲೂ ಆಕೆ ಹಾಗೆಯೇ ನಡೆದಳು. ಅರ್ಧ ಕ್ರೋಯ್ಡನ್ ಆಕೆಗಾಗಿ ನೆಲ ನೋಡಿದೆ.

ನಮ್ಮತ್ತೆ ಅಂದೇ ಸರ್ಟಿಫಿಕೇಟು ಕೊಟ್ಟುಬಿಟ್ಟರು: "ನೋಡಿ ಕಲೀರಿ. ನೀವು ಮಂದಿ ಹಿರ್ಯಾರ ಮುಂದ ಕಾಲಮ್ಯಾಲ ಕಾಲು ಹಾಕ್ಕೊಂಡು ಕುಂದರ್ತೀರಿ."

ಆಕೆಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ತನಗಿಂತ ಚಿಕ್ಕವರು ಹೆಸರು ಹಿಡಿದು ಕರೆದರೆ ಆಕೆಗೆ ಸೇರುತ್ತಿರಲಿಲ್ಲ. ನಾನು "ಅಕ್ಕಾ" ಎನ್ನುತ್ತಿದ್ದೆ, ಆಕೆ ನನ್ನನ್ನು "ಡೀಕ್" ಎನ್ನುತ್ತಿದ್ದಳು. ಅವರಲ್ಲಿ ತಂಗಿಯನ್ನು ಹಾಗೆ ಕರೆಯುತ್ತಾರೆ. ನಾವಿಬ್ಬರೂ ಮಾತಾಡುತ್ತಿದ್ದುದು ಇಂಗ್ಲಿಷು, ಅದೂ ಅರ್ಧಂಬರ್ಧ. ಆದರೆ ನನ್ನ ಕಿವಿಯಲ್ಲಿ ಆಕೆಯ ಮಾತು ಉಳಿದಿರುವುದು ನಮ್ಮ ಧಾರವಾಡದ ಕನ್ನಡದಲ್ಲಿ. ನನಗೆ ಒಡಹುಟ್ಟಿದ ಅಕ್ಕ ಇರಲಿಲ್ಲ. ಅಕ್ಕ ಇದ್ದಿದ್ದರೆ ಆ ಭಾಷೆಯಲ್ಲೇ ಮಾತಾಡುತ್ತಿದ್ದಳಲ್ಲ, ಅದಕ್ಕಿರಬೇಕು.

ಯಾವುದನ್ನೇ ತೋರಿಸಬೇಕಾದರೂ ಆಕೆ ಬೆರಳು ಚಾಚುತ್ತಿರಲಿಲ್ಲ, ಹೆಬ್ಬೆರಳಿನಿಂದ ತೋರಿಸುತ್ತಿದ್ದಳು. ಇನ್ನೊಂದು, ಆಕೆಯ ಬಾಯಲ್ಲಿ "ಇಲ್ಲ" ಎನ್ನುವ ಮಾತು ಬರುತ್ತಿರಲಿಲ್ಲ. "ಇನ್ನೂ ಇಲ್ಲ" ಎನ್ನುತ್ತಿದ್ದಳು. ಊಟ ಆಯಿತೇ ಎಂದರೆ ಇನ್ನೂ ಇಲ್ಲ, ಸರಿ. ಐವತ್ತು ದಾಟಿದ ಮೇಲೆ ಯಾರೋ "ಮಕ್ಕಳೆಷ್ಟು?" ಎಂದು ಕೇಳಿದಾಗಲೂ ಅಷ್ಟೇ ಗಂಭೀರವಾಗಿ "ಇನ್ನೂ ಇಲ್ಲ" ಎಂದಳು. ನಾನು ನಗು ತಡೆಯಲಾರದೆ ಅಡುಗೆ ಮನೆಗೆ ಹೋದೆ. ಹಿಂದೆಯೇ ಬಂದು ಕೇಳಿದಳು, "ಯಾಕ ನಗ್ತೀ ಡೀಕ್? ಬಾಗಲಾ ಹಾಕಿಬಿಟ್ರ ಮುಗೀತಲ್ಲ. ಸ್ವಲ್ಪ ಸರಿಸಿ ಇಟ್ರ ಏನು ಹೋಗ್ತೈತಿ?"

ಬೆಳಿಗ್ಗೆ ಎದ್ದ ಕೂಡಲೇ ನಮ್ಮ ಮಹಡಿಯ ಕಾರಿಡಾರನ್ನು ಗುಡಿಸುವುದು ಆಕೆಯ ಕೆಲಸ. ಕೌನ್ಸಿಲಿನವರು ಗುಡಿಸಲು ಬರುತ್ತಾರೆ ಎಂದು ಹೇಳಿ ನೋಡಿದೆ. ತನ್ನ ಊರಿನಲ್ಲಿ ಅಂಗಳದ ಮಣ್ಣಿನಲ್ಲಿ ಕಡ್ಡಿ ಪೊರಕೆಯ ಗೆರೆ ಕಾಣದಿದ್ದರೆ ಆ ಮನೆಯಲ್ಲಿ ಯಾರಿಗೋ ಹುಷಾರಿಲ್ಲವೆಂದು ಅಕ್ಕಪಕ್ಕದವರು ವಿಚಾರಿಸಲು ಬರುತ್ತಾರಂತೆ. ಊಟದ ತಟ್ಟೆಯಲ್ಲಿ ಒಂದು ಅಗುಳು ಬಿಟ್ಟರೆ ಅನ್ನ ಅಳುತ್ತದಂತೆ. ಈ ಮಾತು ಕೇಳಿ ನಮ್ಮ ಮಗಳು ತಟ್ಟೆಗೆ ಕಿವಿ ಹಚ್ಚಿ, "ಐ ಕಾಂಟ್ ಹಿಯರ್ ಇಟ್" ಎಂದಳು. ಅಕ್ಕ ತಾನೂ ಕಿವಿ ಹಚ್ಚಿ ಕೇಳಿ, "ನನಗ ಕೇಳಸ್ತೈತಿ" ಎಂದಳು. ಆವತ್ತಿನಿಂದ ನಮ್ಮ ಮನೆಯಲ್ಲಿ ತಟ್ಟೆಯಲ್ಲಿ ಅನ್ನ ಉಳಿದಿಲ್ಲ. ನಾನು ವರ್ಷಗಟ್ಟಲೆ ಬೈದರೂ ಆಗದಿದ್ದ ಕೆಲಸ ಅದು.

ಆಕೆಯ ಊರಿನ ಸುದ್ದಿ ಬಂದಾಗಲೆಲ್ಲ ಮಾತಿನಲ್ಲಿ ಬಾತುಕೋಳಿಗಳು ಬರುತ್ತಿದ್ದವು. ಕೊಯ್ಲು ಮುಗಿದ ಗದ್ದೆಗೆ ಒಬ್ಬ ಉದ್ದನೆಯ ಬಿದಿರಿನ ಕೋಲಿಗೆ ಚಿಂದಿ ಕಟ್ಟಿಕೊಂಡು ಬಾತುಗಳ ಹಿಂಡು ಹೊಡೆದುಕೊಂಡು ಬರುತ್ತಾನೆ. ಕೋಲನ್ನು ಗದ್ದೆಯ ನಡುವೆ ನೆಟ್ಟು ಮನೆಗೆ ಹೋಗಿಬಿಡುತ್ತಾನೆ. ಸಂಜೆಯವರೆಗೆ ಬಾತುಗಳು ಆ ಚಿಂದಿಯ ಸುತ್ತ ಕಾಳು ಹೆಕ್ಕುತ್ತವೆಯೇ ಹೊರತು ದೂರ ಹೋಗುವುದಿಲ್ಲ. ಆಮೇಲೆ ಆಕೆಯ ಅಜ್ಜ. ಕಾಳು ಹಾಲು ತುಂಬುವ ಹೊತ್ತಿಗೆ ಗದ್ದೆಯ ಉದ್ದಗಲಕ್ಕೆ ಹಗ್ಗ ಎಳೆದು ಅದಕ್ಕೆ ಡಬ್ಬಿ, ತಗಡು ಕಟ್ಟುತ್ತಾರೆ. ಹಗ್ಗದ ತುದಿ ಒಂದು ಗುಡಿಸಲಿನಲ್ಲಿ. ಅದನ್ನು ಹಿಡಿದು ಕೂಡುವುದು ವಯಸ್ಸಾದವರ ಪಾಳಿ. ಗುಬ್ಬಿ ಬಂದರೆ ಜಗ್ಗುವುದು, ಇಡೀ ಗದ್ದೆ ಟಣಟಣ ಎನ್ನುವುದು. "ನಾಟಿ ಮಾಡಾಕ ಬಗ್ಗಲಿಕ್ಕೆ ಆಗದವರಿಗೆ ಹಗ್ಗ ಕೊಡ್ತಾರ. ನಮ್ಮೂರಾಗ ಯಾರನ್ನೂ ಸುಮ್ಮನ ಕುಂದ್ರಸಂಗಿಲ್ಲ" ಎನ್ನುತ್ತಿದ್ದಳು. ನಾನೂ ಹುಡುಗಿಯಾಗಿದ್ದಾಗ ಜೋಳದ ಹೊಲದಲ್ಲಿ ಅಟ್ಟ ಹತ್ತಿ ಕವಣೆ ಬೀಸಿ ಹಕ್ಕಿ ಕಾಯ್ದವಳು. ಆ ಗುಡಿಸಲು ನನಗೆ ಕಣ್ಣಿಗೆ ಕಟ್ಟಿದಂತೆ ಇತ್ತು.

ಆಕೆಯ ಗಂಡ ಇಂಗ್ಲೆಂಡಿನವರು. ನಾನು ಅವರನ್ನು ಸಾಹೇಬರು ಎಂದೇ ಕರೆಯುತ್ತಿದ್ದೆ, ಅವರಿಗೂ ಅದು ಸೇರಿತ್ತು. ಬಸ್ ಡ್ರೈವರು. ಆಳು ಎತ್ತರ, ಮಾತು ಕಡಿಮೆ, ದಿನ ಬೆಳಗಾದರೆ ಟೋಸ್ಟಿನ ಮೇಲೆ ಡಬ್ಬಿಯ ಬೀನ್ಸ್ ಸುರಿದುಕೊಂಡು ತಿನ್ನುವವರು. ಹೆಂಡತಿಯ ಊರಿನ ಮಾತು ಬಂದರೆ ಮಾತ್ರ ನೂರು ಪ್ರಶ್ನೆ ಕೇಳುತ್ತಿದ್ದರು. ಬಾತುಗಳು ನಿಜವಾಗಿಯೂ ಓಡಿಹೋಗುವುದಿಲ್ಲವೇ? ಗದ್ದೆ ಹಣ್ಣಾದಾಗ ಬಣ್ಣ ಹೇಗಿರುತ್ತದೆ? ಕೊಯ್ಲಿನ ಹೊತ್ತಿಗೆ ಒಮ್ಮೆ ಹೋಗೋಣ ಎಂದು ಪ್ರತಿ ವರ್ಷ ಹೇಳುತ್ತಿದ್ದರು. ಒಂದು ವರ್ಷ ರಜೆ ಸಿಗಲಿಲ್ಲ, ಇನ್ನೊಂದು ವರ್ಷ ಅವರ ತಾಯಿಗೆ ಹುಷಾರಿರಲಿಲ್ಲ, ಮತ್ತೊಂದು ವರ್ಷ ಇನ್ನೇನೋ. ಊರಿನಲ್ಲಿ ತನ್ನ ತಾಯಿ ಸತ್ತಾಗ ಅಕ್ಕ ಒಬ್ಬಳೇ ಹೋಗಿ ಬಂದಳು. ಮುಂದಿನ ವರ್ಷ ಖಂಡಿತ ಎಂದು ಸಾಹೇಬರು ಕೈಮೇಲೆ ಕೈ ಹಾಕಿ ಹೇಳಿದ್ದರು. ಆ ಚಳಿಗಾಲದಲ್ಲಿ ಅವರಿಗೆ ಪಾರ್ಶ್ವವಾಯು ಹೊಡೆಯಿತು. ಬಲಗೈ, ಬಲಗಾಲು, ಮಾತು, ಮೂರೂ ಹೋದವು.

ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಸಾಹೇಬರು ಗೋಡೆಯ ಕಡೆ ಮುಖ ಮಾಡಿ ಮಲಗಿದರು. ವೀಲ್‌ಚೇರಿಗೆ ಬರಲು ಒಪ್ಪುತ್ತಿರಲಿಲ್ಲ. ಮನೆಗೆ ಬಂದ ನರ್ಸು "ಮಾತಾಡುತ್ತಾರೆಯೇ?" ಎಂದಳು. "ಇನ್ನೂ ಇಲ್ಲ" ಎಂದಳು ಅಕ್ಕ. "ವಿಮಾನದಲ್ಲಿ ಕರೆದುಕೊಂಡು ಹೋಗಬಹುದೇ?" ಎಂದು ಅಕ್ಕ ಡಾಕ್ಟರನ್ನು ಕೇಳಿದಳು. ಅವರು ಮಾತ್ರ "ಇನ್ನೂ ಇಲ್ಲ" ಎನ್ನಲಿಲ್ಲ.

ಅಂದು ನಮ್ಮ ಮನೆಗೆ ಬಂದು ಚಹಾ ಮುಟ್ಟದೆ ಕೂತಳು. "ಡೀಕ್, ಆಕಾಶದಾಗಿನ ಚಂದ್ರನ್ನ ಏನು ಕೇಳಿದ್ನ್ಯಾ ನಾನು? ಕಾಳು ತುಂಬಿದ ಭತ್ತ ಒಂದ್ಸಲ ಅವರಿಗೆ ತೋರಸಬೇಕಂತ ಇತ್ತು. ಅಷ್ಟ." ನಾನು ಆಕೆಯ ಬೆನ್ನ ಮೇಲೆ ಕೈಯಿಟ್ಟು ಕೂತೆ.

ಮರುವಾರ ನೀಲಿ ಪ್ಲಾಸ್ಟಿಕ್ಕಿನ ಟಬ್ಬುಗಳು ಬಂದವು, ಬಟ್ಟೆ ನೆನೆಹಾಕುವಂಥವು. ಬಾಲ್ಕನಿಯಲ್ಲಿ ಹಾಲಿನ ಕ್ರೇಟುಗಳನ್ನು ಮೆಟ್ಟಿಲಿನಂತೆ ಜೋಡಿಸಿ ಅವುಗಳ ಮೇಲೆ ಟಬ್ಬು ಇಟ್ಟಳು. ಮೇಲಿನದರ ಅಂಚಿಗೆ ತೂತು ಕೊರೆದು ನೀರು ಕೆಳಗಿನದಕ್ಕೆ, ಅದರಿಂದ ಅದರ ಕೆಳಗಿನದಕ್ಕೆ ಇಳಿಯುವಂತೆ ಮಾಡಿದಳು. ಊರಿನಿಂದ ಯಾರೋ ತಂದುಕೊಟ್ಟ ಒಂದು ಮುಷ್ಟಿ ಬೀಜದ ಭತ್ತವನ್ನು ಅಡುಗೆಮನೆಯ ಕಿಟಕಿಯಲ್ಲಿ ಮೊಳಕೆ ಬರಿಸಿದಳು. ನಮ್ಮ ಮನೆಯವರು ನೋಡಿ, "ಲಂಡನ್ನಿನಲ್ಲಿ ಭತ್ತ ಬೆಳೀತಾರಂತ! ನಾಳೆ ಥೇಮ್ಸ್ ನದಿಗೆ ಎಮ್ಮೆ ಬಿಡ್ರಿ" ಎಂದು ತಮಾಷೆ ಮಾಡಿದರು. ತಮಾಷೆ ಮಾಡಿದವರೇ ಲಿಫ್ಟು ಕೆಟ್ಟ ದಿನ ಮಣ್ಣಿನ ಚೀಲವನ್ನು ಏಳು ಮಹಡಿ ಹೊತ್ತು ತಂದರು.

ಮೊದಲ ವರ್ಷ ಪೈರು ಹಸಿರಾಗಿ ಎದ್ದು ನಿಂತಿತು, ಅಷ್ಟೇ. ತೆನೆ ಬರಲಿಲ್ಲ, ಚಳಿಗೆ ಹಳದಿಯಾಗಿ ಬಿತ್ತು. ಮರುವರ್ಷವೂ ಅದೇ ಹಾಡು. "ಬಂತೇನಕ್ಕಾ?" ಎಂದರೆ "ಇನ್ನೂ ಇಲ್ಲ" ಎನ್ನುವುದು, ಒಣಗಿದ ಹುಲ್ಲು ಕಿತ್ತು ಹಾಕುವುದು. ಸಾಹೇಬರು ಒಮ್ಮೆಯೂ ತಿರುಗಿ ನೋಡಲಿಲ್ಲ.

ಆಮೇಲೆ ಬಂದದ್ದು ಆ ಸುಡು ಬೇಸಿಗೆ. ಹಳಿ ಕಾದು ಬಾಗುತ್ತವೆಂದು ರೈಲುಗಳನ್ನು ನಿಧಾನವಾಗಿ ಓಡಿಸುತ್ತಿದ್ದರು. ಕೆಲಸಕ್ಕೆ ವಿಕ್ಟೋರಿಯಾ ಸ್ಟೇಷನ್ನಿಗೆ ಹೋಗಿಬರುವ ನಮ್ಮ ಮನೆಯವರು ದಿನಾ ತಡವಾಗಿ, ಬೆವರಿ ತೊಪ್ಪೆಯಾಗಿ ಬಂದು ಬ್ರಿಟಿಷ್ ರೈಲನ್ನು ಶುದ್ಧ ಧಾರವಾಡದ ಬೈಗುಳದಲ್ಲಿ ಬೈಯುತ್ತಿದ್ದರು. ಇಡೀ ಕಟ್ಟಡದಲ್ಲಿ ಸಂತೋಷವಾಗಿದ್ದವಳು ಅಕ್ಕ ಒಬ್ಬಳೇ. ಒಂದು ಬೆಳಿಗ್ಗೆ ನನ್ನ ಕೈ ಹಿಡಿದು ಎಳೆದುಕೊಂಡು ಹೋಗಿ ಹೆಬ್ಬೆರಳಿನಿಂದ ತೋರಿಸಿದಳು. ಪೈರಿನ ದಂಟು ಉಬ್ಬಿತ್ತು. ನಮ್ಮ ಕಡೆ ಜೋಳಕ್ಕೆ ಹೊಡೆ ಬಂತು ಎನ್ನುತ್ತೇವಲ್ಲ, ಹಾಗೆ ತೆನೆ ಒಳಗೇ ಇತ್ತು.

"ಬಸುರಾಗ್ಯಾಳ" ಎಂದು ಪಿಸುಗುಟ್ಟಿದಳು. ಗದ್ದೆಯಲ್ಲಿ ಜೋರಾಗಿ ಮಾತಾಡಬಾರದು. ಪೈರಿನಲ್ಲಿ ನೆಲೆಸಿದ ಭತ್ತದ ತಾಯಿ ಬಹಳ ಅಂಜುಬುರುಕಿಯಂತೆ. "ಈಗ ಹುಳಿ ಕೊಡಬೇಕು. ಬಯಕೆ ಇರತೈತಿ."

ನಮ್ಮೂರಿನಲ್ಲಿ ಶೀಗಿ ಹುಣ್ಣಿಮೆಗೆ ಅವ್ವ ಬುಟ್ಟಿ ತುಂಬ ಅಡುಗೆ ಹೊತ್ತು ಹೊಲಕ್ಕೆ ಹೋಗುತ್ತಿದ್ದದ್ದು ಇದಕ್ಕೇ ಅಲ್ಲವೇ! ಬಸುರಿಯಾದ ಬೆಳೆಗೆ ಬಯಕೆಯೂಟ. ಕಡಬು, ಪಲ್ಯ, ಮೊಸರನ್ನ ಎಲ್ಲ ಕಲಸಿ ಹೊಲದ ತುಂಬ ಎರಚುವುದು, ಚರಗ ಚೆಲ್ಲುವುದು. ಐದು ಹೊತ್ತು ನಮಾಜು ಮಾಡುವ ಅಕ್ಕ, ಸೋಮವಾರ ಬಿಡದ ನಾನು, ಇಬ್ಬರೂ ಒಬ್ಬಳೇ ಬಸುರಿಯ ತವರಿನವರಾದೆವು.

ಹುಣ್ಣಿಮೆ ಇನ್ನೂ ದೂರವಿತ್ತು, ಆದರೆ ಬಸುರಿ ಕ್ಯಾಲೆಂಡರ್ ಕೇಳುತ್ತಾಳೆಯೇ? ಅಕ್ಕ ಹುಳಿ ಸೇಬು, ಮಾವಿನಕಾಯಿ, ಸೌತೆಕಾಯಿಗೆ ಬೆಲ್ಲ ಮೆಣಸಿನಕಾಯಿ ಅರೆದು ಹಚ್ಚಿದಳು. ನಾನು ಕಡಬು, ಎಣ್ಣೆಗಾಯಿ, ಮೊಸರನ್ನ ಮಾಡಿಕೊಂಡು ಹೋದೆ. ಆಕೆ ತನ್ನದನ್ನು ಟಬ್ಬಿನ ಬುಡದಲ್ಲಿ ಎಲೆಯ ಮೇಲೆ ಇಟ್ಟಳು. ನನ್ನದು ಹಾಗಲ್ಲ, ಎರಚಬೇಕು. "ಹುಲ್ಲುಲ್ಲಿಗೋ!" ಎಂದು ಚರಗ ಚೆಲ್ಲುವ ಊರಿನವರಂತೆ ಕೂಗಿ ಬಾಲ್ಕನಿಯ ತುಂಬ ಎರಚಿದೆ. ಭತ್ತದ ತಾಯಿ ಬೆದರುತ್ತಾಳೆಂದು ಅಕ್ಕ ನನ್ನ ಬಾಯಿ ಮುಚ್ಚಲು ಬಂದಳು. ಕೆಳಗಿನ ಮಹಡಿಯ ಹೆಂಗಸು ಮೇಲೆ ಓಡಿಬಂದು, ಎಲ್ಲರೂ ಕ್ಷೇಮವೇ ಎಂದು ಕೇಳಿದಳು. ಆಕೆಗೂ ಎರಡು ಕಡಬು ಕೊಟ್ಟು ಕಳಿಸಿದೆವು.

ಮರುದಿನ ಪಾರಿವಾಳಗಳು ಬಂದವು. ಹೊಲದಲ್ಲಾದರೆ ಚರಗ ಹಕ್ಕಿಪಕ್ಷಿಗೂ ಸೇರಬೇಕು, ಅದು ಶಾಸ್ತ್ರ. ಊರಿನ ಹಕ್ಕಿಗೆ ನೂರು ಹೊಲ. ಕ್ರೋಯ್ಡನ್ನಿನ ಪಾರಿವಾಳಗಳಿಗೆ ಇದ್ದದ್ದು ಒಂದೇ ಬಾಲ್ಕನಿ, ಮತ್ತು ಅವು ಉಂಡ ಮನೆಯ ವಿಳಾಸ ಮರೆಯಲಿಲ್ಲ. ಕಡಬು ಮುಗಿದ ಮೇಲೂ ದಿನಾ ಬಂದು ಕಟಕಟೆಯ ಮೇಲೆ ಸಾಲಾಗಿ ಕೂತು ಕಾಯ್ದವು. ತೆನೆ ಹೊರಬಿದ್ದು ಕಾಳು ಹಾಲು ತುಂಬುತ್ತಿದ್ದಂತೆ, ನಾವಿಬ್ಬರೂ ಪೇಟೆಗೆ ಹೋದ ಒಂದು ಮುಂಜಾನೆ, ಮೇಲಿನ ಟಬ್ಬನ್ನು ಪೂರ್ತಿ ಹರಿದು ಮುಗಿಸಿದವು. ಬಂದು ನೋಡಿದರೆ ಬರೀ ದಂಟು.

ಅಕ್ಕ ಅಳಲಿಲ್ಲ. ಅತ್ತಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಮುರಿದ ದಂಟು ಒಂದೊಂದನ್ನೇ ನೆಟ್ಟಗೆ ಮಾಡಿ ನಿಲ್ಲಿಸಲು ನೋಡುತ್ತಿದ್ದಳು. "ಇನ್ನೂ ಎರಡು ಟಬ್ಬ ಅದಾವಲ್ಲಕ್ಕಾ" ಎಂದೆ. "ಕವಣೆ ಬೀಸೂಣೇನು?" ಎಂದೂ ಕೇಳಿದೆ. ಬೀಸಿದ್ದರೆ ಎದುರಿನ ಆಫೀಸಿನ ಗಾಜು ಒಡೆದು ನಾನು ಜೈಲಿಗೆ ಹೋಗುತ್ತಿದ್ದೆ. ಆಕೆ ಒಳಗೆ ಹೋಗಿ ಕಸದ ಚೀಲದಿಂದ ಸಾಹೇಬರ ಬೀನ್ಸ್ ಡಬ್ಬಿಗಳನ್ನು ಆರಿಸಿ ತೊಳೆದಳು. ಬುಡಕ್ಕೆ ಮೊಳೆ ಹೊಡೆದು, ಒಳಗೊಂದು ಚಮಚ ಇಳಿಬಿಟ್ಟು, ಬಟ್ಟೆ ಒಣಹಾಕುವ ಹಗ್ಗಕ್ಕೆ ಸಾಲಾಗಿ ಕಟ್ಟಿದಳು. ಹಗ್ಗದ ಒಂದು ತುದಿ ಬಾಲ್ಕನಿಯ ಕಂಬಿಗೆ. ಇನ್ನೊಂದು ತುದಿಯನ್ನು ಬಾಗಿಲ ಸಂದಿಯಿಂದ ಒಳಗೆ ತಂದು, ಗೋಡೆಗೆ ಮುಖ ಮಾಡಿ ಮಲಗಿದ್ದ ಸಾಹೇಬರ ಎಡಗೈಯಲ್ಲಿ ಇಟ್ಟಳು.

"ನಮ್ಮಜ್ಜನ ಪಾಳಿ ಈಗ ನಿಮ್ಮದು. ನಾ ಅಂಗಡಿಗೆ ಹೋಗಿ ಬರ್ತೀನಿ" ಎಂದಷ್ಟೇ ಹೇಳಿದಳು.

ಹೋದದ್ದು ಅಂಗಡಿಗಲ್ಲ, ನಮ್ಮ ಮನೆಗೆ. ಇಬ್ಬರೂ ನಡುವಿನ ಗೋಡೆಗೆ ಕಿವಿ ಹಚ್ಚಿ ನಿಂತೆವು. ಪಾರಿವಾಳಗಳ ಗುಟುರು ಕೇಳಿಸಿತು, ರೆಕ್ಕೆಯ ಸದ್ದು ಕೇಳಿಸಿತು. ಹೋಯಿತು, ಎರಡನೆಯ ಟಬ್ಬೂ ಹೋಯಿತು ಎಂದು ನಾನು ಕಣ್ಣು ಮುಚ್ಚಿದೆ. ಆಗ ಒಮ್ಮೆ ಟಣ್ ಎಂದಿತು. ಆಮೇಲೆ ಟಣಟಣ ಟಣಟಣ ಎಂದು ಇಡೀ ಬಾಲ್ಕನಿ ಕುಣಿಯಿತು. ಅಕ್ಕ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ನೆಲಕ್ಕೆ ಕೂತಳು. ಆಗ ಅತ್ತಳು.

ಮರುದಿನ ಸಾಹೇಬರು ತಾವಾಗಿಯೇ ವೀಲ್‌ಚೇರಿನ ಕಡೆ ಕೈ ತೋರಿಸಿದರು. ಮಲಗಿದಲ್ಲಿಂದ ಹಕ್ಕಿ ಕಾಣುವುದಿಲ್ಲವಲ್ಲ! ಬಾಲ್ಕನಿಯ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು, ಟೋಪಿ ಇಟ್ಟುಕೊಂಡು, ಹಗ್ಗವನ್ನು ಮಣಿಕಟ್ಟಿಗೆ ಸುತ್ತಿಕೊಂಡು ಕೂತರು. ಬಸ್ಸಿನ ಸ್ಟೀರಿಂಗ್ ಹಿಂದೆ ಕೂತ ಗತ್ತೇ ಇತ್ತು. ಅಂಗಡಿಗೆ ಹೊರಟಾಗ ಕೆಳಗಿನಿಂದ ಕೈಬೀಸಿದರೆ ನನಗಾಗಿ ಒಮ್ಮೆ ಹಗ್ಗ ಜಗ್ಗುತ್ತಿದ್ದರು. ಪೈರು ಹಸಿರಿನಿಂದ ಹಳದಿಗೆ, ಹಳದಿಯಿಂದ ಹೊನ್ನಿನ ಬಣ್ಣಕ್ಕೆ ತಿರುಗುವುದನ್ನು ಅವರು ದಿನವಿಡೀ ನೋಡಿದರು. ಬಣ್ಣ ಹೇಗಿರುತ್ತದೆ ಎಂದು ಕೇಳುತ್ತಿದ್ದವರಲ್ಲವೇ.

ಕೊಯ್ಲಿನ ದಿನ ಅಕ್ಕ ರೇಷ್ಮೆಯ ಕುಪ್ಪಸ ತೊಟ್ಟಳು. ಸೂಜಿದಾರದ ಡಬ್ಬಿಯಿಂದ ಒಂದು ಪುಟ್ಟ ಕತ್ತಿ ತೆಗೆದಳು. ಅಂಗೈಯಷ್ಟು ಮರದ ತುಂಡು, ಅದರಲ್ಲಿ ಉಗುರಿನಂಥ ಅಲಗು. ಕುಡುಗೋಲು ಕಂಡರೆ ಭತ್ತದ ತಾಯಿ ಹೆದರಿ ಊರು ಬಿಟ್ಟು ಹೋಗುತ್ತಾಳೆ. ಅದಕ್ಕೆ ಅಲಗನ್ನು ಅಂಗೈಯಲ್ಲಿ ಮುಚ್ಚಿಟ್ಟುಕೊಂಡು ಒಂದೊಂದೇ ತೆನೆ ಕೊಯ್ಯುತ್ತಾರೆ. ಆ ಕತ್ತಿಯನ್ನು ಸಾಹೇಬರ ಎಡ ಅಂಗೈಯಲ್ಲಿಟ್ಟು, ಅವರ ಬೆರಳು ಮಡಿಸಿ, ಮೇಲೆ ತನ್ನ ಕೈ ಇಟ್ಟಳು. ಮೊದಲ ತೆನೆ ಇಬ್ಬರೂ ಸೇರಿ ಕೊಯ್ದರು. ತೆನೆಗಳನ್ನು ಕಟ್ಟಿ, ಮದುಮಗಳನ್ನು ಕರೆತರುವಂತೆ ಎದೆಗೊತ್ತಿಕೊಂಡು ಅಕ್ಕ ಒಳಗೆ ನಡೆದಳು. ಕುರ್ಚಿಯ ಮುಂದೆ ಹಾಯುವಾಗ ಸಾಹೇಬರು ತಲೆ ತಗ್ಗಿಸಿದರು. ಮೈ ಎಷ್ಟು ಬಗ್ಗುತ್ತದೋ ಅಷ್ಟು ಬಗ್ಗಿಸಿ, ಎಡಗೈಯನ್ನು ನೆಲದ ಕಡೆಗೆ ಚಾಚಿದರು. ಅಷ್ಟು ವರ್ಷ ಹೆಂಡತಿಯನ್ನು ನೋಡಿ ಕಲಿತದ್ದು. ಏನು ಬಿತ್ತು ಎಂದು ಈ ಸಲ ಯಾರೂ ಕೇಳಲಿಲ್ಲ.

ಕುಟ್ಟಿದಾಗ ಎರಡು ಬಟ್ಟಲು ಅಕ್ಕಿಯಾಯಿತು. ಐದು ತಟ್ಟೆಗೆ ತುತ್ತು ತುತ್ತು ಹಂಚಿಕೊಂಡು ಉಂಡೆವು. ಸಾಹೇಬರು ಕೊನೆಯ ಅಗುಳನ್ನು ಬೆರಳಿನಿಂದ ಒತ್ತಿ ತೆಗೆದು ಬಾಯಿಗಿಟ್ಟುಕೊಂಡರು.

ಮತ್ತೊಂದು ಬೇಸಿಗೆ ಅವರು ನೋಡಲಿಲ್ಲ. ಅಂತ್ಯಕ್ರಿಯೆ ಮುಗಿದ ಮೇಲೆ ಅಕ್ಕ ಮನೆ ಖಾಲಿ ಮಾಡಿದಳು. ಸೋಫಾ, ಟಿವಿ ಎಲ್ಲ ಕೊಟ್ಟುಬಿಟ್ಟಳು. ಸೂಟ್‌ಕೇಸಿನಲ್ಲಿ ಸೀರೆಯಂಥ ತನ್ನ ಬಟ್ಟೆಗಳ ನಡುವೆ ಹಗ್ಗ ಬಿಚ್ಚದೆ ಬೀನ್ಸ್ ಡಬ್ಬಿಗಳನ್ನು ಸುತ್ತಿಟ್ಟಳು. "ಅಕ್ಕಾ, ನಿಮ್ಮೂರಾಗ ಡಬ್ಬಿ ಸಿಗೂದಿಲ್ಲೇನು?" ಎಂದು ಚೇಷ್ಟೆ ಮಾಡಿದೆ. ಚೇಷ್ಟೆ ಮಾಡದಿದ್ದರೆ ನಾನು ಅಲ್ಲೇ ಅತ್ತುಬಿಡುತ್ತಿದ್ದೆ. ಆಕೆ ಡಬ್ಬಿಯ ಮೇಲೆ ಕೈಯಾಡಿಸುತ್ತ ಹೇಳಿದಳು, "ಮುಂದಿನ ವರ್ಷ ಬರ್ತೀನಂದಿದ್ರು. ಕರಕೊಂಡು ಹೊಂಟೀನಿ."

ಇದೆಲ್ಲ ನೆನಪಾಗುತ್ತಿದ್ದಾಗ ಫೋನು ನನ್ನ ಕಿವಿಯಲ್ಲೇ ಇತ್ತು. ಹುಡುಗಿ ನಿಂತ ಗದ್ದೆಯ ಕಡೆಯಿಂದ ಸದ್ದು ಬಂತು. ಟಣ್. ಟಣಟಣ.

"ಯಾರು ಹಗ್ಗ ಜಗ್ಗುತ್ತಿರುವುದು?" ಎಂದೆ.

"ನಮ್ಮಪ್ಪ. ಅವರಿಗೆ ಈಗ ಬಗ್ಗಲಾಗುವುದಿಲ್ಲ. ನಿನ್ನೆಯವರೆಗೆ ದೊಡ್ಡಮ್ಮನೇ ಕೂತಿದ್ದರು" ಎಂದಳು. ಆಮೇಲೆ, "ಮಣ್ಣು ಮಾಡಿ ಬಂದ ಮೇಲೂ ಹಕ್ಕಿ ಕಾಯಲೇಬೇಕಲ್ಲ" ಎಂದಳು.

"ಕೊಯ್ಲಾಯಿತೇನವ್ವಾ?"

"ಇನ್ನೂ ಇಲ್ಲ" ಎಂದಳು, ಥೇಟ್ ಅದೇ ಧಾಟಿಯಲ್ಲಿ.

ನನ್ನ ಕೈಯ ಹಿಟ್ಟು ಒಣಗಿ ಬಿರಿದಿತ್ತು. ಕುರ್ಚಿ ಎಳೆದುಕೊಂಡು ಕೂತೆ.

"ಹಂಗಾದ್ರ ಮಗಳ, ಆ ಫೋನು ಸ್ವಲ್ಪ ಗದ್ದಿ ಕಡೆ ಹಿಡಿ" ಎಂದೆ.